ಊಸರವಳ್ಳಿಗೂ ಒಂದು ಕೋಳಿಬುಟ್ಟಿ

"ಎಂತದಾ ಮಾರಾಯ ಇದು, ಓತಿಕ್ಯಾತಕ್ಕೂ ಮನೆ ಕಟ್ಟಿದ್ದೀಯಲ್ಲ!" ಹೋದ ವರ್ಷ ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಅಮ್ಮ ಫ್ಲಾರಿಡಾಕ್ಕೆ ಬಂದಾಗ ಹಿತ್ತಲು ನೋಡಿ ಹೇಳಿದ ಮೊದಲ ಮಾತು. ಅಲ್ಲಿ ಎದೆಯೆತ್ತರದ ಜಾಲರಿ ಪಂಜರ, ಒಳಗೊಂದು ದಾಸವಾಳದ ಕುಂಡ, ಅದರ ಕೊಂಬೆಯಲ್ಲಿ ತಲೆ ಮೇಲೆ ಕಿರೀಟ ಹೊತ್ತ ನನ್ನ ಊಸರವಳ್ಳಿ. ಓತಿಕ್ಯಾತ ಅಲ್ಲಮ್ಮ, ಇದು ಯೆಮನ್ ಕಡೆಯ ಜಾತಿ, ಇಲ್ಲಿ ಸಾಕಬಹುದು ಎಂದೆ. ಅಮ್ಮನಿಗೆ ಅದೆಲ್ಲ ಒಂದೇ. "ಬಿಸಿಲಿಗೆ ಅಂತ ಹೊರಗೆ ತಂದ ಮೇಲೆ ಗಿಡದ ಮೇಲೆ ಬಿಡೋದಪ್ಪ. ಪಾಪ, ಕೂಡಿ ಯಾಕೆ ಹಾಕ್ತೀಯ?"

ಹೀಗೆ ಕೇಳುವವರು ಇಲ್ಲೂ ಬೇಕಾದಷ್ಟು ಜನ ಇದ್ದಾರೆ. ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿಗೆ ಹೋಗುತ್ತಾರೆ, ಮರದ ಮೇಲೆ ಬಿಟ್ಟು ಫೋಟೋ ತೆಗೆಯುತ್ತಾರೆ, ಪಕ್ಕದಲ್ಲೇ ಇದ್ದೀನಲ್ಲ ಅನ್ನುತ್ತಾರೆ. ನಾನೂ ಪಕ್ಕದಲ್ಲೇ ಇದ್ದೆ.

ಅಮ್ಮನ ಮಾತು ಕೇಳಿ ಒಂದು ಬೆಳಿಗ್ಗೆ ಬೇಲಿ ಸಾಲಿನ ದಾಸವಾಳದ ಮೇಲೆ ಬಿಟ್ಟೆ. ಅದರ ನಡಿಗೆ ಗೊತ್ತಲ್ಲ, ಹೆಜ್ಜೆ ಇಡಲೋ ಬೇಡವೋ ಅಂತ ತೂಗಿ ತೂಗಿ ಇಡುತ್ತದೆ. ಇದೆಲ್ಲಿಗೆ ಹೋಗುತ್ತೆ ಅಂದುಕೊಂಡು ಸುಮ್ನೆ ಫೋನ್ ಎತ್ತಿದೆ. ಐದು ನಿಮಿಷ ಆಗಿರಬಹುದು, ತಿರುಗಿದರೆ ಇಲ್ಲ. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಅಂತಾರೆ, ಆ ಬೇಲಿಯೂ ಬಾಯಿ ಬಿಡಲಿಲ್ಲ. ಸಂಜೆವರೆಗೂ ಹುಡುಕಿದೆವು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಮತ್ತೆ ಹೊರಟೆವು, ಊರಲ್ಲಿ ಮೊದಲ ಮಳೆಗೆ ಗದ್ದೆಗೆ ಹತ್ತಿ ಬರುವ ಹತ್ತುಮೀನು ಹಿಡಿಯಲು ಹೋಗುತ್ತಿದ್ದ ಹಾಗೆ. ಊಸರವಳ್ಳಿ ನಿದ್ದೆಯಲ್ಲಿ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ಬೆಳಕು ಬಿದ್ದರೆ ಎಲೆಗಳ ನಡುವೆ ಎದ್ದು ಕಾಣುತ್ತದೆ. ಅದಕ್ಕೇ ಕಳೆದುಹೋದದ್ದನ್ನು ಹುಡುಕಲು ಹಗಲಿಗಿಂತ ರಾತ್ರಿಯೇ ಒಳ್ಳೆಯದು. ಪಕ್ಕದ ಮನೆಯ ಓಕ್ ಮರದಲ್ಲಿ ಸಿಕ್ಕಿತು. ಕಂಡಿದ್ದು ಅಮ್ಮನಿಗೆ.

ಗಿಡುಗ ಎತ್ತಿಕೊಂಡು ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬದುಕಿಕೊಂಡರೂ ತಾಪತ್ರಯವೇ. ಫ್ಲಾರಿಡಾದ ಸೆಕೆಗೆ ಇದೇ ಜಾತಿ ಕೆಲವು ಕಡೆ ಕಾಡುಬಿದ್ದು ಮರಿ ಮಾಡಿಕೊಂಡಿದೆ. ಹವಾಯಿಗೆ 1972ರಲ್ಲಿ ಸಾಕಲೆಂದು ತಂದ ಮೂರು ಕೊಂಬಿನ ಆಫ್ರಿಕಾದ ಊಸರವಳ್ಳಿಗಳು ಹೊರಬಿದ್ದು, ಈಗ ಅಲ್ಲಿನದೇ ಹುಳ, ಬಸವನಹುಳಗಳನ್ನು ತಿನ್ನುತ್ತಿವೆ.

ಹಾಗಾದರೆ ಒಳಗೇ ಇಡಬಹುದಲ್ಲ ಅಂದರೆ, ಇಡಬಹುದು, ಅದಕ್ಕೆಂದೇ ದೀಪಗಳಿವೆ. ನಾನು ಮೊದಲು ಜಿಪುಣತನ ಮಾಡಿ ಕಿಟಕಿ ಗಾಜಿನ ಪಕ್ಕ ಇಟ್ಟಿದ್ದೆ, ಬಿಸಿಲು ಬೀಳುತ್ತಲ್ಲ ಅಂತ. ಬಿಸಿಲಿನಲ್ಲಿರುವ, ಮೂಳೆಗೆ ಬೇಕಾದ ಯುವಿಬಿ ಎಂಬ ಅತಿನೇರಳೆ ಕಿರಣ ಗಾಜು ದಾಟಿ ಬರುವುದಿಲ್ಲ. ಆ ಕಿರಣ ಇಲ್ಲದೆ ಮೈಯಲ್ಲಿ ವಿಟಮಿನ್ ಡಿ3 ಇಲ್ಲ, ಡಿ3 ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಕಾಲು ಸೊಟ್ಟಗಾಗುತ್ತಿದೆ ಎಂದು ಡಾಕ್ಟರ್ ತೋರಿಸಿದಾಗಲೇ ನನಗೆ ತಿಳಿದದ್ದು. ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗೆ ಇಡುವವರೂ ಇದ್ದಾರೆ. ಅದು ಒಲೆ, ಪ್ರಾಣಿ ಒಳಗೇ ಬೇಯುತ್ತದೆ.

ಕೊನೆಗೆ ಅಮ್ಮನಿಗೆ ನೆನಪಿಸಿದೆ, ಊರಲ್ಲಿ ಕೋಳಿಮರಿಗಳ ಮೇಲೆ ಬುಟ್ಟಿ ಕವುಚುತ್ತಿದ್ದೆಯಲ್ಲ, ಅವೇನು ಜೈಲಾ? ಅಮ್ಮ ನಕ್ಕಳು. ಆಮೇಲೆ ಪಂಜರದ ಉಸ್ತುವಾರಿ ಪೂರ್ತಿ ಅವಳದೇ. ನೆಲದ ಮೇಲೆ ಇಡಬೇಡ ಎಂದಳು, ಸ್ಟೂಲಿನ ಮೇಲೆ ಏರಿಸಿ, ನಾಲ್ಕೂ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಿಸಿದಳು, ಊರಲ್ಲಿ ತಿಂಡಿ ಕಪಾಟಿಗೆ ಇಡುವ ಹಾಗೆ. ಇಲ್ಲಿನ ಕೆಂಪಿರುವೆ ಚಟ್ನಿ ಮಾಡುವ ಚಗಳಿ ಅಲ್ಲ, ಹಿಂಡಾಗಿ ಮುತ್ತಿ ಕೊಂದೇಬಿಡುತ್ತದೆ. ಅರ್ಧ ಪಂಜರಕ್ಕೆ ನೆರಳು ಯಾವಾಗಲೂ ಇರಬೇಕು. ಸೋಗೆ ಎಲ್ಲಿಂದ ತರೋದು, ಹಳೆ ಚಾಪೆ ಹೊದಿಸಿದಳು. ನಾನು ಕಲಿಸಿದ್ದು ಬಣ್ಣ ಓದುವುದನ್ನು: ಮೈ ಕಪ್ಪಾಗಿ ಚಪ್ಪಟೆ ಮಾಡಿಕೊಂಡರೆ ಬಿಸಿಲು ಹೀರುತ್ತಿದೆ, ಪರವಾಗಿಲ್ಲ. ಬಿಳಿಚಿಕೊಂಡು ಬಾಯಿ ತೆರೆದರೆ ಸೆಕೆ ಜಾಸ್ತಿ ಆಯಿತು, ಕೂಡಲೇ ನೆರಳಿಗೆ. ಬಟ್ಟಲಿನ ನೀರು ಅದರ ಕಣ್ಣಿಗೇ ಬೀಳುವುದಿಲ್ಲ, ಎಲೆ ಮೇಲಿನ ಹನಿ ನೆಕ್ಕುತ್ತದೆ. ಹಾಗಾಗಿ ಪಕ್ಕದವರು ಲಾನಿಗೆ ಔಷಧಿ ಹೊಡೆದ ದಿನ ಹೊರಗೆ ತರುವುದೇ ಇಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದಾಗ ತೋಟದ ಹುಲ್ಲು ದನಕ್ಕೆ ಹಾಕದೆ ಇರುವವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ರಾತ್ರಿಯಂತೂ ಒಳಗೇ, ಇಲ್ಲಿನ ರಕೂನ್ ಎಂಬ ಕಳ್ಳನಿಗೆ ನೈಲಾನ್ ಜಾಲರಿ ಲೆಕ್ಕಕ್ಕೇ ಇಲ್ಲ.

ಮೊನ್ನೆ ಶಿವಮೊಗ್ಗದಿಂದ ಅಣ್ಣನ ಮಗ ಫೋನ್ ಮಾಡಿದ. "ಚಿಕ್ಕಪ್ಪ, ಶಿಕಾರಿಪುರ ರಸ್ತೆಯಲ್ಲಿ ಊಸರವಳ್ಳಿ ಸಿಕ್ಕಿದೆ, ನಿಮ್ಮ ಥರ ಪಂಜರ ಮಾಡ್ಲಾ? ಮಿಂಚುಹುಳ ಹಾಕ್ಲಾ? ತುಂಬಾ ಇದಾವೆ." ಎರಡೂ ಬೇಡ ಮಾರಾಯ ಎಂದೆ. ಕೆಲವು ಜಾತಿಯ ಮಿಂಚುಹುಳದ ವಿಷ ಇಂಥ ಪ್ರಾಣಿಗಳನ್ನು ಕೊಲ್ಲುವಷ್ಟು ಜೋರು. ಪಂಜರವಂತೂ ಕಾನೂನಿಗೇ ವಿರುದ್ಧ, ನಮ್ಮ ಊಸರವಳ್ಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ನನ್ನದು ಊರು ಬಿಟ್ಟು ಬಂದ ಪ್ರಾಣಿ, ನನ್ನ ಹಾಗೆ, ಅದಕ್ಕೆ ಬುಟ್ಟಿ ಬೇಕು. ಅದು ತನ್ನ ಊರಲ್ಲೇ ಇದೆಯಲ್ಲ. ಮೊಟ್ಟೆ ಇಡಲು ನೆಲಕ್ಕೆ ಇಳಿದಿರಬಹುದು, ವಿಷ ಅಂತ ಯಾರಾದರೂ ಕಲ್ಲು ಎತ್ತುವ ಮೊದಲು, ಲಾರಿ ಬರುವ ಮೊದಲು, ಅದು ಹೊರಟ ಕಡೆಗೇ ರಸ್ತೆ ದಾಟಿಸಿ ಬಿಡು ಎಂದೆ.

ಬಿಟ್ಟ, ಫೋಟೋನೂ ಕಳಿಸಿದ. ಅಮ್ಮ, ನಾನು ಇಬ್ಬರೂ ದೊಡ್ಡದು ಮಾಡಿ ನೋಡಿದೆವು. ಬೇಲಿ ಬಿಟ್ಟರೆ ಏನೂ ಕಾಣಲಿಲ್ಲ.