ವಿಲ್ಸನ್ ಕಾಯಿಲೆಗೆ ತಾಮ್ರಭಸ್ಮದ ಗುಳಿಗೆ ಸಲ್ಲದು

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಮನೆಯಲ್ಲಿ ಮಗನಿಗೆ ವಿಲ್ಸನ್ ಕಾಯಿಲೆ ಇದೆಯೆಂದು ತಿಳಿದಾಗ, ಊರಿನಿಂದ ಅಕ್ಕರೆಯಿಂದ ಬಂದ ಮೊದಲ ಸಲಹೆ ಆರೋಗ್ಯವರ್ಧಿನಿ ಗುಳಿಗೆ. ಜೊತೆಗೆ, ರಾತ್ರಿಯೆಲ್ಲ ತಾಮ್ರದ ಚೊಂಬಿನಲ್ಲಿಟ್ಟ ನೀರು. ಯಕೃತ್ತಿನ ತೊಂದರೆಗಳಿಗೆ ಆಯುರ್ವೇದದ ವೈದ್ಯರು ಬಹುವಾಗಿ ಬಳಸುವ ಆ ಗುಳಿಗೆಯಲ್ಲಿ ಕಟುಕರೋಹಿಣಿ, ತ್ರಿಫಲೆಗಳ ಜೊತೆಗೆ ಪಾದರಸ ಮತ್ತು ತಾಮ್ರಭಸ್ಮವೂ ಸೇರಿರುತ್ತವೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ಈ ಕಾಯಿಲೆಯಾದರೋ, ಎಟಿಪಿ7ಬಿ ಎಂಬ ವಂಶವಾಹಿಯ ದೋಷದಿಂದಾಗಿ ತಾಮ್ರವನ್ನು ಪಿತ್ತರಸದೊಡನೆ ಹೊರಹಾಕಲಾರದ ಯಕೃತ್ತಿನದು. ಉಳಿದ ತಾಮ್ರ ಮೊದಲು ಅಲ್ಲಿಯೇ, ಆಮೇಲೆ ಮಿದುಳಿನಲ್ಲಿ ಮತ್ತು ಕಣ್ಣಿನ ಪಾರದರ್ಶಕ ಪಟಲದ ಅಂಚಿನಲ್ಲಿ ಶೇಖರವಾಗುತ್ತದೆ. ಇಂಥ ದೇಹಕ್ಕೆ ಇನ್ನಷ್ಟು ತಾಮ್ರ ಕೊಡಬಾರದು.

ಇದನ್ನು ಆಯುರ್ವೇದದ ಮೇಲಿನ ದೂರಾಗಿ ಬರೆಯುತ್ತಿಲ್ಲ. ವಿಷಕ್ಕೆ ಒಂದೇ ದೋಷ, ತಾಮ್ರಕ್ಕೆ ಎಂಟು ದೋಷ ಎಂದು ಎಚ್ಚರಿಸಿದ್ದು, ಲೋಹ-ಖನಿಜಗಳಿಂದ ಮದ್ದು ಮಾಡುವುದನ್ನು ಹೇಳುವ ನಮ್ಮ ರಸಶಾಸ್ತ್ರವೇ. ಊಟ, ನಿದ್ರೆ, ಜೀರ್ಣಶಕ್ತಿಗಳನ್ನು ಕುಳಿತು ವಿಚಾರಿಸುವ, ಪಥ್ಯವನ್ನು ಚಿಕಿತ್ಸೆಯ ಅರ್ಧಭಾಗವೆಂದು ನಂಬುವ ವೈದ್ಯರ ರೀತಿ ಇಲ್ಲಿನ ಅವಸರದ ಭೇಟಿಗಳಲ್ಲಿ ನನಗೆ ಸಿಕ್ಕಿಲ್ಲ. ಆಜೀವ ಔಷಧ ಸೇವಿಸಬೇಕಾದ ಹುಡುಗನಿಗೆ ಅದು ಬಲು ದೊಡ್ಡ ಆಸರೆ. ಆದರೆ ಆ ಆಸರೆ ಮುಖ್ಯ ಔಷಧದ ಸ್ಥಾನಕ್ಕೆ ಬರಕೂಡದು. 1956ರಲ್ಲಿ ಬ್ರಿಟಿಷ್ ವೈದ್ಯ ಜಾನ್ ವಾಲ್ಶ್, ತಾಮ್ರವನ್ನು ಮೂತ್ರದೊಡನೆ ಹೊರಹಾಕಿಸುವ ಪೆನಿಸಿಲಮೈನ್ ಔಷಧದ ಬಳಕೆಯನ್ನು ಪ್ರಕಟಿಸುವವರೆಗೆ ಈ ಕಾಯಿಲೆ ಬಹುತೇಕ ಮರಣಶಾಸನವಾಗಿತ್ತು. ಇಂದಿಗೂ, ಚೆನ್ನಾಗಿದ್ದೇನೆಂದು ಮಾತ್ರೆ ಬಿಟ್ಟವರ ಯಕೃತ್ತು ಹಠಾತ್ತನೆ ಕೈಕೊಡುವುದುಂಟು.

ಸತುವಿನ ಲವಣಗಳೂ ಇದಕ್ಕೆ ಮದ್ದೇ ಆಗಿರುವುದರಿಂದ ಸತುವಿನಿಂದಲೇ ಮಾಡುವ ಯಶದಭಸ್ಮ ಸಾಕಾಗದೇ ಎಂದು ಬಂಧುವೊಬ್ಬರು ಕೇಳಿದ್ದರು. ಸತು ಕರುಳಿನಲ್ಲಿ ತಾಮ್ರದ ಹೀರಿಕೆಯನ್ನು ತಡೆಯುವುದು ನಿಜ. ಆದರೆ ಅದರ ಪ್ರಮಾಣವನ್ನು 24 ಗಂಟೆಗಳ ಮೂತ್ರದಲ್ಲಿನ ತಾಮ್ರವನ್ನು ಅಳೆಯುತ್ತ ಹೊಂದಿಸಬೇಕಾಗುತ್ತದೆ, ಅಂಥ ಲೆಕ್ಕಾಚಾರ ಭಸ್ಮಕ್ಕೆ ಇಲ್ಲ.

ಎರಡು ನಾಡುಗಳ ರೀತಿ ಬೇರೆಯಾಗಿ ಕಾಣುವುದು ಮುಚ್ಚುಮರೆಯ ವಿಷಯದಲ್ಲಿ. ಇಲ್ಲಿ ಪ್ರತಿ ಭೇಟಿಯಲ್ಲೂ ಗಿಡಮೂಲಿಕೆ ಏನಾದರೂ ಸೇವಿಸುತ್ತಿದ್ದಾನೆಯೇ ಎಂದು ದಾದಿ ಕೇಳುತ್ತಾರೆ, ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಇಲ್ಲಿನ ಪಾರಂಪರಿಕ ಔಷಧಗಳ ನೋಂದಣಿಯೂ ಮೂಲಿಕೆಗಳಿಗೆ ಮೀಸಲಾದುದರಿಂದ ಪಾದರಸದ ಗುಳಿಗೆಗೆ ಅದರಲ್ಲಿ ಜಾಗವಿಲ್ಲ. ಊರಿನಲ್ಲಿ ನಾನು ಕಂಡಂತೆ, ಬೈಗುಳಕ್ಕೆ ಅಂಜಿ ಆಯುರ್ವೇದ ವೈದ್ಯರ ಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ಬಾಯಿಬಿಡುವವರು ಕಡಿಮೆ. ಆ ವೈದ್ಯರಿಗೂ ಕಾಯಿಲೆಯ ಹೆಸರು ಹೇಳದೆ ಬರಿಯ ‘ಲಿವರ್ ತೊಂದರೆ’ ಎನ್ನುತ್ತಾರೆ. ಅಮೃತಬಳ್ಳಿಯಿಂದಲೂ ಕೆಲವರ ಯಕೃತ್ತಿಗೆ ಹಾನಿಯಾದ ವರದಿಗಳಿರುವಾಗ ಈ ಮೌನ ನನ್ನನ್ನು ಕಂಗೆಡಿಸುತ್ತದೆ.

ವಿಲ್ಸನ್ ಕಾಯಿಲೆಯವರು ಆ ಹೆಸರನ್ನೇ ಆಯುರ್ವೇದ ವೈದ್ಯರಿಗೆ ತಿಳಿಸಬೇಕು. ವೈದ್ಯರು ಗುಳಿಗೆಯ ಘಟಕಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಡಬೇಕು, ಯಕೃತ್ತಿನ ತಜ್ಞರು ಸಿಡುಕದೆ ಅದನ್ನು ಓದಬೇಕು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರಿಗೂ ಈ ಕಾಯಿಲೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದರಷ್ಟಿರುವುದರಿಂದ, ಮದುವೆಗೆ ಅಡ್ಡಿಯಾದೀತೆಂದು ಹಿಂಜರಿಯದೆ ಅವರಿಗೂ ಪರೀಕ್ಷೆ ಮಾಡಿಸಬೇಕು.