ಅರ್ಧ ಮೀಸೆಯ ಮನಶ್ಶಾಸ್ತ್ರ

ಮಗಳು ಬಿ.ಎ.ಗೆ ಸೈಕಾಲಜಿ ತಗೊಂಡಾಗಿನಿಂದ ನಮ್ಮ ಮನೆಯಲ್ಲಿ ಯಾರೂ ಸುಮ್ನೆ ಆಕಳಿಸುವ ಹಾಗಿಲ್ಲ. ಎಲ್ಲದಕ್ಕೂ ಅವಳ ಹತ್ತಿರ ಒಂದು ಹೆಸರಿರುತ್ತದೆ. ನಮ್ಮ ಬೆಕ್ಕು ಪುಟ್ಟಿಯನ್ನೂ ಬಿಟ್ಟಿಲ್ಲ.

ಬೆಳಗ್ಗೆ ನಾನು ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಕಚಕ್ ಅಂತ ಕತ್ತರಿಸಿ, ಪುಟ್ಟಿಯ ಕರಟಕ್ಕೆ ಎರಡು ಚಮಚ ಸುರಿಯುತ್ತೇನೆ. ತಿಂಗಳು ಕಳೆಯುವಷ್ಟರಲ್ಲಿ ಹಾಲು ಕಾಣಿಸಬೇಕೆಂದೇ ಇರಲಿಲ್ಲ. ಕತ್ತರಿ ಸದ್ದಾದರೆ ಸಾಕು, ಬಾಲ ನೆಟ್ಟಗೆ ಮಾಡಿಕೊಂಡು ಹಾಜರ್.

"ಎಷ್ಟು ಜಾಣೆ!" ಎಂದೆ.

"ಜಾಣತನ ಅಲ್ಲಮ್ಮಾ, ಕಂಡೀಷನಿಂಗ್. ಸದ್ದಿಗೂ ಹಾಲಿಗೂ ನಂಟು ಬಿದ್ದು ಆದ ಅಭ್ಯಾಸ" ಎಂದಳು. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳ ಜೀರ್ಣಕ್ರಿಯೆ ನೋಡುತ್ತಿದ್ದನಂತೆ. 1904ರಲ್ಲಿ ನೊಬೆಲ್ ಸಿಕ್ಕಿದ್ದೂ ಆ ಕೆಲಸಕ್ಕೇ. ನಾಯಿಗಳೋ, ಊಟ ಬಾಯಿಗೆ ಬೀಳುವ ಮೊದಲೇ, ತರುವವನನ್ನು ಕಂಡೇ ಜೊಲ್ಲು ಸುರಿಸತೊಡಗಿದವು. ಪಾವ್ಲೋವ್ ಅದರ ಬೆನ್ನು ಹತ್ತಿದ.

ಪುಟ್ಟಿ ನಮ್ಮ ಬೆನ್ನು ಹತ್ತಿತು. ಶಾಂಪೂ ಸ್ಯಾಷೆ ಕತ್ತರಿಸಿದರೂ ಬಂತು, ಕೊತ್ತಂಬರಿ ಕಟ್ಟಿನ ದಾರ ಕತ್ತರಿಸಿದರೂ ಬಂತು. ಇದು ಸ್ಟಿಮ್ಯುಲಸ್ ಜನರಲೈಸೇಷನ್, ಒಂದು ಸದ್ದಿಗೆ ಕಲಿತದ್ದು ಅಂಥದ್ದೇ ಬೇರೆ ಸದ್ದಿಗೂ ಹಬ್ಬುವುದಂತೆ. ಹೆಸರೇನೋ ಸಿಕ್ಕಿತು, ಕಾಲಿಗೆ ಸುತ್ತಿಕೊಂಡ ಬೆಕ್ಕು ಬಿಡಲಿಲ್ಲ.

ಮಗಳೇ ಮದ್ದು ಹೇಳಿದಳು. ಸದ್ದು ಮಾಡು, ಹಾಲು ಕೊಡಬೇಡ. ಹೀಗೇ ಮಾಡ್ತಾ ಇದ್ದರೆ ಅಭ್ಯಾಸ ತಾನಾಗಿಯೇ ಸಾಯುತ್ತದೆ. ಸರಿ, ಎರಡು ದಿನ ಖಾಲಿ ಕತ್ತರಿ ಕಚಕಚ ಮಾಡುತ್ತಾ ಮನೆಯೆಲ್ಲ ತಿರುಗಿದೆ. ಹಾಲು ಹಾಕುವ ಹುಡುಗ ಗೇಟಿನ ಆಚೆಯೇ ಪ್ಯಾಕೆಟ್ ಇಟ್ಟು ಹೋದ. "ಖಾಲಿ ಕತ್ತರಿ ಆಡಿಸಬೇಡ ಕಣೇ, ಮನೆಯಲ್ಲಿ ಜಗಳ ಆಗುತ್ತೆ" ಎಂದರು ಅತ್ತೆ. ಮೂರನೇ ದಿನ, ಪಾಪ ಅನ್ನಿಸಿ, ನನಗೆ ಕಾಣದ ಹಾಗೆ ಕರಟ ತುಂಬಿಸಿದವರೂ ಅವರೇ.

ಮಗಳು ತಲೆ ಮೇಲೆ ಕೈ ಹೊತ್ತಳು. ಯಾವಾಗಲೋ ಒಮ್ಮೊಮ್ಮೆ ಸಿಗುವ ಬಹುಮಾನ ಅಭ್ಯಾಸವನ್ನು ಇನ್ನೂ ಗಟ್ಟಿ ಮಾಡುತ್ತದೆಯಂತೆ. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞ ಇಲಿ, ಪಾರಿವಾಳಗಳಲ್ಲಿ ಕಂಡುಕೊಂಡದ್ದನ್ನು ಅತ್ತೆ ಒಂದೇ ಕರಟದಲ್ಲಿ ಮಾಡಿ ತೋರಿಸಿದ್ದರು.

ಭಾನುವಾರ ಮದುವೆಗೆ ಹೊರಡಬೇಕಿತ್ತು. ಇವರು ಕನ್ನಡಿ ಮುಂದೆ ನಿಂತು, ಮೇಲ್ದುಟಿ ಬಿಗಿಹಿಡಿದು, ಮೀಸೆಗೆ ಕತ್ತರಿ ಇಟ್ಟರು. ಕಚಕ್. ಎಲ್ಲಿತ್ತೋ ಏನೋ, ಪುಟ್ಟಿ ಹಾರಿ ಬಂದು ವಾಷ್‌ಬೇಸಿನ್ ಮೇಲೇ ಕೂತಿತು. ಇವರು ಬೆಚ್ಚಿದರು. ಬಲಗಡೆಯ ಮೀಸೆ ಬೇಸಿನ್ನಿಗೆ ಬಿತ್ತು. ಪುಟ್ಟಿ ಅದನ್ನು ಮೂಸಿ ನೋಡಿ, ಹಾಲಲ್ಲ ಎಂದು ಗೊತ್ತಾಗಿ, ಇವರ ಮುಖ ನೋಡಿತು.

ಆಮೇಲೆ ನಡೆದದ್ದು ಇಲ್ಲಿ ಬೇಡ. "ನಾನು ಹೇಳಿರಲಿಲ್ವಾ, ಜಗಳ ಆಗುತ್ತೆ ಅಂತ?" ಎಂದರು ಅತ್ತೆ.

ಮಗಳು ಇನ್ನೊಂದು ಕಥೆಯನ್ನೂ ಹೇಳಿದ್ದಳು. 1920ರಲ್ಲಿ ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎನ್ನುವ ಮಗುವಿಗೆ ಬಿಳಿ ಇಲಿ ತೋರಿಸುತ್ತಾ, ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಲ್ಲಿ ಬಡಿದು ಹೆದರಿಸಿದನಂತೆ. ಕೊನೆಗೆ ಇಲಿ ಕಂಡರೇ ಮಗು ಅಳತೊಡಗಿತು. ಎಂಥಾ ಕಟುಕ ಅಂತ ಬೈದುಕೊಂಡೆ.

ಈಗ ಬೆಳಗ್ಗೆ ನಾನು ಹಾಲಿನ ಪ್ಯಾಕೆಟ್ಟಿಗೆ ಕತ್ತರಿ ಎತ್ತಿದರೆ ಪುಟ್ಟಿ ಬಾಲ ಎತ್ತಿಕೊಂಡು ಓಡಿ ಬರುತ್ತದೆ. ಇವರು ಪೇಪರ್ ಓದುತ್ತಿದ್ದವರು ಮೀಸೆ ಮುಚ್ಚಿಕೊಳ್ಳುತ್ತಾರೆ.