ಆಗ್ನೇಯ ಮೂಲೆಯ ಛತ್ರಿ

ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ನೋಟಿಸ್ ಬೋರ್ಡಿನ ಮೇಲೆ ಕಳೆದ ವಾರ ಅಂಟಿಸಿದ ಸುತ್ತೋಲೆಯ ಪೂರ್ಣಪಾಠವನ್ನು ಇಲ್ಲಿ ಕೊಡುವ ಅಗತ್ಯವಿಲ್ಲ. ಭಾಂಡುಪದಿಂದ ಡೊಂಬಿವಲಿಯವರೆಗೆ, ವಸಯಿಯಿಂದ ಪುಣೆಯ ಕೋಥ್ರೂಡದವರೆಗೆ, ಸೊಸೈಟಿ ಎಂಬ ಸಾಮ್ರಾಜ್ಯದ ಪ್ರಜೆಗಳಾಗಿ ಬದುಕುತ್ತಿರುವ ಕನ್ನಡಿಗರೆಲ್ಲ ಅದನ್ನು ಒಂದಲ್ಲ ಒಂದು ಕಾರ್ಯದರ್ಶಿಯ ಸಹಿಯೊಂದಿಗೆ ಓದಿಯೇ ಇರುತ್ತಾರೆ. ಕಿಟಕಿಯ ಗ್ರಿಲ್ಲಿಗೆ ಕಟ್ಟಿದ ಟಿ.ವಿ. ಛತ್ರಿಗಳಿಂದ ಕಟ್ಟಡದ ಅಂದ ಕೆಡುತ್ತಿರುವುದರಿಂದ ಅವುಗಳನ್ನು ಹದಿನೈದು ದಿನಗಳೊಳಗೆ ತೆಗೆಯತಕ್ಕದ್ದು, ತಪ್ಪಿದಲ್ಲಿ ಮೇಂಟೆನೆನ್ಸ್ ಬಿಲ್ಲಿನಲ್ಲಿ ದಂಡ ಸೇರಿಸಲಾಗುವುದು, ಹೊಸದಾಗಿ ಕೂರಿಸಬಯಸುವವರು ಲಿಖಿತ ಅನುಮತಿ ಪಡೆಯತಕ್ಕದ್ದು.

ಅಂದದ ವಿಷಯದಲ್ಲಿ ನಮ್ಮ ಸಮಿತಿಗಿರುವ ಕಳಕಳಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮ ಕಟ್ಟಡದ ಮುಂಭಾಗದಲ್ಲಿ ಮೂರನೆಯ ಮಹಡಿಯ ಡ್ರೈನೇಜ್ ಪೈಪಿನ ಸಂದಿಯಿಂದ ಒಂದು ಅಶ್ವತ್ಥದ ಗಿಡ ಹೊರಟು, ಈಗ ಪ್ರದಕ್ಷಿಣೆ ಹಾಕಬಹುದಾದಷ್ಟು ಬೆಳೆದಿದೆ. ಹೋದ ಮಳೆಗಾಲಕ್ಕೆ ಮುಂಚೆ ಗಚ್ಚಿಗೆ, ಅಂದರೆ ತಾರಸಿಗೆ, ಹೊದಿಸಿದ ನೀಲಿ ತಾಡಪತ್ರಿಯ ಅರ್ಧ ಭಾಗ ಇನ್ನೂ ಪತಾಕೆಯಂತೆ ಹಾರಾಡುತ್ತಿದೆ. ಪ್ಲಾಸ್ಟರ್ ಉದುರಿದ ಕಡೆ ಕಬ್ಬಿಣದ ಸರಳುಗಳು ಹೊರಗೆ ಇಣುಕಿ ರಸ್ತೆಯನ್ನು ನೋಡುತ್ತಿವೆ. ಇವುಗಳ ನಡುವೆ ಅಂದಗೇಡಿಯಾಗಿ ಕಾಣಿಸಿದ್ದು ಎರಡಡಿ ಅಗಲದ ಒಂದು ತಗಡಿನ ತಟ್ಟೆ. ಛತ್ರಿ ಎಂಬ ಶಬ್ದಕ್ಕೆ ಬೆಂಗಳೂರಿನ ಕಡೆ ಬೇರೊಂದು ಅರ್ಥವೂ ಇದೆಯಾದ್ದರಿಂದ, ಸಮಿತಿಯವರಿಗೆ ಅದರ ಮೇಲೆ ಸಂಶಯ ಹುಟ್ಟಿರುವುದು ಸಹಜವೆಂದೇ ಇಟ್ಟುಕೊಳ್ಳೋಣ.

ನಾನು ಕೇಬಲ್ ಬಿಟ್ಟು ಛತ್ರಿ ತಂದದ್ದು ಕ್ರಾಂತಿಯ ಉದ್ದೇಶದಿಂದಲ್ಲ. ಮನೆಯಲ್ಲಿ ಟಿ.ವಿ. ನೋಡುವವರು ಎಂಬತ್ತೆರಡು ವರ್ಷದ ಅಮ್ಮ ಒಬ್ಬರೇ, ಅವರು ನೋಡುವುದು ಚಂದನ ಒಂದನ್ನೇ. ಸಂಜೆಯ ವಾರ್ತೆ, ಅದಾದ ಮೇಲೆ ಯಾರಾದರೂ ಹಾಡಿದರೆ ಹಾಡು, ರೈತರಿಗೆ ಅಡಿಕೆಯ ಕೊಳೆರೋಗದ ಬಗ್ಗೆ ಹೇಳಿದರೆ ಅದೂ ಆದೀತು. ಮುಲುಂಡಿನ ನಾಲ್ಕನೆಯ ಮಹಡಿಯಲ್ಲಿ ಕುಳಿತು ಅವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ವಿಧಾನವನ್ನು ಕಂಠಪಾಠ ಮಾಡಿದ್ದಾರೆ. ಚಂದನವು ಸರಕಾರದ ಚಾನೆಲ್. ಅದಕ್ಕೆ ಬೆಲೆಯಿಲ್ಲ. ಈ ಬೆಲೆಯಿಲ್ಲದ ಚಾನೆಲ್ಲಿಗಾಗಿ ನಾನು ತಿಂಗಳಿಗೆ 153 ರೂಪಾಯಿ 40 ಪೈಸೆ ಕೊಡುತ್ತಿದ್ದೆ.

ಈ ಸಂಖ್ಯೆಯ ಹುಟ್ಟು ಅಧ್ಯಯನಯೋಗ್ಯವಾದದ್ದು. 2012ರ ನವೆಂಬರಿನಲ್ಲಿ ಮುಂಬಯಿಯ ಹಳೆಯ ಕೇಬಲ್ ತಂತಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾದಾಗ, ಇನ್ನು ಮುಂದೆ ನೋಡಿದ್ದಕ್ಕೆ ಮಾತ್ರ ದುಡ್ಡು ಎಂದು ನಮಗೆ ಹೇಳಲಾಯಿತು. ಆ ಮಾತು ನಿಯಮವಾಗಿ ಇಳಿದು ಬರುವುದಕ್ಕೆ 2019 ಆಗಬೇಕಾಯಿತು. ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರವು ಗ್ರಾಹಕನ ಹಿತವನ್ನು ಹಗಲಿರುಳು ಚಿಂತಿಸಿ ಒಂದು ಉಪಾಯ ಕಂಡುಹಿಡಿಯಿತು: ಹಣದ ಚಾನೆಲ್ಲಿಗೆ ಅದರದೇ ಹಣ, ಪುಕ್ಕಟೆ ಚಾನೆಲ್ಲುಗಳು ಪುಕ್ಕಟೆಯೇ, ಆದರೆ ಅವು ನೂರು ಸೇರಿ ನಿಮ್ಮ ಮನೆಗೆ ಬರುವ ದಾರಿಗೆ 130 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ನೀರು ಉಚಿತ, ಲೋಟಕ್ಕೆ ಬಾಡಿಗೆ ಎಂಬ ಈ ತತ್ತ್ವ ನಮ್ಮ ಉಡುಪಿ ಹೋಟೆಲಿನವರಿಗೆ ಇಷ್ಟು ವರ್ಷಗಳಲ್ಲಿ ಹೊಳೆಯದೇ ಹೋದದ್ದು ಆಶ್ಚರ್ಯ. 2020ರಲ್ಲಿ ಅದೇ 130ಕ್ಕೆ ಇನ್ನೂರು ಚಾನೆಲ್ ಎಂದರು. ಅಮ್ಮನಿಗೆ ಬೇಡವಾದ ಚಾನೆಲ್ಲುಗಳ ಸಂಖ್ಯೆ ತೊಂಬತ್ತೊಂಬತ್ತರಿಂದ ನೂರಾ ತೊಂಬತ್ತೊಂಬತ್ತಕ್ಕೆ ಏರಿತು. 2024ರಲ್ಲಿ ಆ 130ರ ಮಿತಿಯನ್ನೂ ಎತ್ತಿಹಾಕಿ, ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ತೆಗೆದುಕೊಳ್ಳುವವರ ಆತ್ಮಸಾಕ್ಷಿಗೇ ಬಿಟ್ಟರು. ನಮ್ಮ ಕೇಬಲ್‌ನವನಿಗೆ ಆತ್ಮಸಾಕ್ಷಿ ಇದೆ, ಅವನು ಇನ್ನೂ ಹಳೆಯ ದರದಲ್ಲಿಯೇ ಇದ್ದಾನೆ.

ಉಳಿದ ಕನ್ನಡ ಚಾನೆಲ್ಲುಗಳ ಮಾತು ಬೇಡ. ಅವು ಬೇಕೆಂದರೆ ಅವನು ‘ಸೌತ್ ಪ್ಯಾಕ್’ ತೆಗೆದುಕೊಳ್ಳಿ ಎನ್ನುತ್ತಾನೆ. ಅಂಧೇರಿಯಿಂದ ದಕ್ಷಿಣಕ್ಕಿರುವ ಎಲ್ಲ ಭಾಷೆಗಳೂ ಒಂದೇ ಎಂಬ ನಂಬಿಕೆಯ ಮೇಲೆ ಆ ಪ್ಯಾಕ್ ನಿಂತಿದೆ.

ಹೀಗೆ ನಾನು ಸರಕಾರದ ಇನ್ನೊಂದು ಕೊಡುಗೆಯ ಕಡೆ ತಿರುಗಿದೆ. ದೂರದರ್ಶನದ ಫ್ರೀ ಡಿಶ್ 2004ರ ಡಿಸೆಂಬರಿನಿಂದ ಇದೆ. ಆಗ ಅದರ ಹೆಸರು ಡಿಡಿ ಡೈರೆಕ್ಟ್ ಪ್ಲಸ್ ಎಂದಿತ್ತು. ತಿಂಗಳ ಬಾಡಿಗೆಯಿಲ್ಲ, ರೀಚಾರ್ಜ್ ಇಲ್ಲ. ಛತ್ರಿ, ಅದರ ಎದುರಿಗೆ ಕೂರಿಸುವ ಎಲ್‌ಎನ್‌ಬಿ ಎಂಬ ಸಂಕೇತ ಹಿಡಿಯುವ ಸಾಧನ, ಬಾಕ್ಸ್ ಒಮ್ಮೆ ಕೊಂಡರೆ ಮುಗಿಯಿತು. ಚಂದನ ಅದರಲ್ಲಿ ಬರುತ್ತದೆ. ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಎಲ್ಲವನ್ನೂ ಕೊಂಡು, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಅಮ್ಮ ಬಾಗಿಲಲ್ಲಿ ನಿಂತು, “ಇಷ್ಟು ದೊಡ್ಡ ಬಾಣಲೆ ಯಾಕೋ ತಂದೆ?” ಎಂದು ಕೇಳಿದರು.

ಛತ್ರಿ ನೋಡಬೇಕಾದ ಉಪಗ್ರಹದ ಹೆಸರು ಜಿಸ್ಯಾಟ್-15. ಇಸ್ರೋದವರು ಇದನ್ನು 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದ ಕೌರೂದಿಂದ ಹಾರಿಸಿ, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಲ್ಲಿಸಿದ್ದಾರೆ. ಮುಂಬಯಿಯಿಂದ ನೋಡಿದರೆ ಅದು ಸರಿಯಾಗಿ ಆಗ್ನೇಯಕ್ಕಿದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಇದೆ. ಈ ಒಂದು ಗುಣದಲ್ಲಿ ಅದು ದೇವರಿಗೂ ಸೊಸೈಟಿಯ ರಿಪೇರಿ ನಿಧಿಗೂ ಸಮಾನ. ವಾಸ್ತು ಬಲ್ಲವರು ಒಪ್ಪುವ ಹಾಗೆ ಆಗ್ನೇಯವೆಂದರೆ ಅಗ್ನಿಮೂಲೆ, ಅಡುಗೆಮನೆಯ ಜಾಗ. ವಿಜ್ಞಾನಿಗಳು ಶಾಸ್ತ್ರ ನೋಡಿಯೇ ಉಪಗ್ರಹವನ್ನು ಅಲ್ಲಿ ಇಟ್ಟಿದ್ದಾರೆಂದು ನಾಳೆ ಯಾರಾದರೂ ವಾಟ್ಸಾಪಿನಲ್ಲಿ ಕಳುಹಿಸಿದರೆ, ಆ ಸಂಶೋಧನೆಯ ಮೂಲ ಈ ಅಂಕಣವೆಂದು ದಯವಿಟ್ಟು ತಿಳಿಯಬೇಕು. ತೊಂದರೆಯೆಂದರೆ, ನನ್ನ ಮನೆಯ ಕಿಟಕಿಗಳೆಲ್ಲ ಪಶ್ಚಿಮಕ್ಕಿವೆ. ನಮ್ಮ ಮಹಡಿಯಲ್ಲಿ ಆಗ್ನೇಯಕ್ಕೆ ತೆರೆದುಕೊಳ್ಳುವ ಅಡುಗೆಮನೆ ಒಂದೇ ಒಂದು, ಅದು ಕಾರ್ಯದರ್ಶಿಗಳದು.

ದಿಕ್ಕಿನ ಮಾತು ಬಂದದ್ದರಿಂದ ಹಳೆಯದೊಂದನ್ನು ಹೇಳಿಬಿಡುತ್ತೇನೆ. ಒಂದು ಕಾಲದಲ್ಲಿ ಟಿ.ವಿ. ನಮಗೆ ನೈಋತ್ಯದಿಂದ ಬರುತ್ತಿತ್ತು. 1972ರ ಅಕ್ಟೋಬರ್ 2ರಂದು ಆರಂಭವಾದ ಮುಂಬಯಿ ದೂರದರ್ಶನದ ಗೋಪುರ ವರ್ಲಿಯಲ್ಲಿ ನಿಂತಿತು. ನಮ್ಮ ಗಚ್ಚಿಯ ಮೇಲಿನ ಆಂಟೆನಾಗಳೆಲ್ಲ, ಮೀನಿನ ಮುಳ್ಳುಗಳನ್ನು ಒಣಗಲಿಟ್ಟ ಹಾಗೆ, ಆ ದಿಕ್ಕಿಗೆ ಮುಖಮಾಡಿ ಸಾಲಾಗಿ ನಿಂತಿರುತ್ತಿದ್ದವು. ಆಗಲೂ ಟಿ.ವಿ.ಗೆ ಲೈಸೆನ್ಸ್ ಇತ್ತು. ಅಪ್ಪ ವರ್ಷಕ್ಕೊಮ್ಮೆ ಪೋಸ್ಟಾಫೀಸಿನ ಸರದಿಯಲ್ಲಿ ನಿಂತು ಶುಲ್ಕ ಕಟ್ಟಿ ಬರುತ್ತಿದ್ದರು. ಕಾಗೆ ಕುಳಿತು ಆಂಟೆನಾ ತಿರುಗಿದರೆ ನನ್ನನ್ನು ಗಚ್ಚಿಗೆ ಅಟ್ಟುತ್ತಿದ್ದರು. ನಾನು ಮೇಲಿನಿಂದ “ಬಂತಾ?” ಎಂದು ಕೂಗುವುದು, ನಾಲ್ಕನೆಯ ಮಹಡಿಯ ಕಿಟಕಿಯಿಂದ ಅಕ್ಕ “ಬಂತು, ಬಂತು, ಹೋಯಿತು!” ಎನ್ನುವುದು, ಕೆಳಗಿನ ಮನೆಯ ಗುಜರಾತಿ ಮಾಮಿಯೂ ಈ ಎರಡು ಕನ್ನಡ ಶಬ್ದಗಳನ್ನು ಕಲಿತುಬಿಟ್ಟದ್ದು, ಇವೆಲ್ಲ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಸಿನಿಮಾದ ಸರದಿಯಲ್ಲಿ ಕನ್ನಡದ ಪಾಳಿ ಬಂದ ದಿನದ ಸಂಭ್ರಮಗಳು. ಆ ಆಂಟೆನಾಕ್ಕೆ ಯಾವ ಸಮಿತಿಯೂ ಅನುಮತಿ ಕೇಳಿದ್ದು ನೆನಪಿಲ್ಲ. ಆಗ ಅಂದ ಎಂಬುದು ಕಟ್ಟಡಗಳಿಗೆ ಬಂದಿರಲಿಲ್ಲ.

ಈಗ ಆ ನೈಋತ್ಯವೂ ಮುಚ್ಚಿದೆ. ದೇಶದ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳನ್ನು ಕೆಲವು ಆಯಕಟ್ಟಿನ ಸ್ಥಳಗಳ ಹೊರತು 2022ರ ಹೊತ್ತಿಗೆ ನಿಲ್ಲಿಸಿಬಿಟ್ಟರು. 2016ರಲ್ಲಿ ಮುಂಬಯಿಯೂ ಸೇರಿ ಹದಿನಾರು ನಗರಗಳಲ್ಲಿ, ಮೊಬೈಲಿಗೆ ಒಂದು ಡಾಂಗಲ್ ಸಿಕ್ಕಿಸಿಕೊಂಡರೆ ಪುಕ್ಕಟೆಯಾಗಿ ನೋಡಬಹುದಾದ ಡಿಜಿಟಲ್ ಪ್ರಸಾರವನ್ನು ಘೋಷಿಸಲಾಗಿತ್ತು. ಆ ಡಾಂಗಲನ್ನು ಕಣ್ಣಾರೆ ಕಂಡ ಮುಂಬಯಿ ಕನ್ನಡಿಗರು ಯಾರಾದರೂ ಇದ್ದರೆ ಅವರಿಗೆ ನಾನು ಮಾಟುಂಗಾದಲ್ಲಿ ಮಸಾಲೆ ದೋಸೆ ಕೊಡಿಸುತ್ತೇನೆ.

ಕ್ರಿಕೆಟ್ಟಿನ ವಿಷಯಕ್ಕೆ ಬಂದರೆ ಹಾಸ್ಯ ಬರೆಯುವವನ ಕೆಲಸವೇ ಹೋಗುತ್ತದೆ, ಏಕೆಂದರೆ ಕಾನೂನು ಅದನ್ನು ಮೊದಲೇ ಬರೆದಿಟ್ಟಿದೆ. ಭಾರತ ಆಡುವ ಮಹತ್ವದ ಪಂದ್ಯಗಳನ್ನು ಬಡವನೂ ನೋಡಲೆಂದು, ಖಾಸಗಿ ವಾಹಿನಿಗಳು ಅವುಗಳ ಪ್ರಸಾರವನ್ನು ದೂರದರ್ಶನದೊಂದಿಗೆ ಹಂಚಿಕೊಳ್ಳಬೇಕೆಂದು 2007ರಲ್ಲಿ ಸಂಸತ್ತು ಕಾಯಿದೆ ಮಾಡಿತು. ಕೇಬಲ್‌ನವರು ದೂರದರ್ಶನದ ಚಾನೆಲ್ಲುಗಳನ್ನು ಕಡ್ಡಾಯವಾಗಿ ತೋರಿಸಬೇಕೆಂಬ ನಿಯಮವೂ ಇದೆ. ಎರಡೂ ಒಳ್ಳೆಯವೇ. ಆದರೆ ಹಂಚಿಕೊಂಡ ಪಂದ್ಯವು ದೂರದರ್ಶನದ ಸ್ವಂತ ಗೋಪುರ ಮತ್ತು ಸ್ವಂತ ಛತ್ರಿಯಲ್ಲಿ ಮಾತ್ರ ಬರಬೇಕು, ಕೇಬಲಿನಲ್ಲಿ ಬರುವ ದೂರದರ್ಶನದಲ್ಲಿ ಬರಕೂಡದು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಿತು. ಕೋಟಿಗಟ್ಟಲೆ ಕೊಟ್ಟು ಹಕ್ಕು ಕೊಂಡವರ ದೃಷ್ಟಿಯಿಂದ ಅದರಲ್ಲಿ ನ್ಯಾಯವಿಲ್ಲವೆನ್ನಲಾಗದು. ಪರಿಣಾಮವನ್ನು ಮಾತ್ರ ನೋಡಿ: ಗೋಪುರಗಳು ಮಲಗಿದವು, ಉಳಿದದ್ದು ಛತ್ರಿ. ದೂರದರ್ಶನ ನೋಡಲು ತಿಂಗಳಿಗೆ 153 ರೂಪಾಯಿ 40 ಪೈಸೆ ಕೊಟ್ಟವನಿಗೆ ದೂರದರ್ಶನದಲ್ಲಿ ಪಂದ್ಯವಿಲ್ಲ. ಏನನ್ನೂ ಕೊಡದೆ ಛತ್ರಿ ಕಟ್ಟಿದವನಿಗೆ ಇದೆ, ಛತ್ರಿಯನ್ನು ಕಟ್ಟಗೊಟ್ಟರೆ.

ಇಂಟರ್ನೆಟ್ ಇದೆಯಲ್ಲ ಎಂದು ನನ್ನ ಅಕ್ಕನ ಮಗ ಪುಣೆಯಿಂದ ಫೋನ್ ಮಾಡಿ ಹೇಳಿದ. “ಮಾಮಾ, ನೀವು ಯಾವ ಕಾಲದಲ್ಲಿದ್ದೀರಿ?” ಎಂದ. 2024ರ ನವೆಂಬರಿನಲ್ಲಿ ಗೋವಾದ ಚಲನಚಿತ್ರೋತ್ಸವದಲ್ಲಿ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿಯವರು ವೇವ್ಸ್ ಎಂಬ ಆ್ಯಪನ್ನು ಬಿಡುಗಡೆ ಮಾಡಿದ್ದು, ಅದರಲ್ಲಿ ದೂರದರ್ಶನದ ಚಾನೆಲ್ಲುಗಳು ಬರುವುದು ನನಗೂ ಗೊತ್ತು. ಅದೂ ಪುಕ್ಕಟೆ. ಬ್ರಾಡ್‌ಬ್ಯಾಂಡ್ ಪುಕ್ಕಟೆಯಲ್ಲ, ಅದಕ್ಕೆ ಕೇಬಲ್ಲಿನ ಮೂರರಷ್ಟು ಹಣ. ಅದು ಓಡಲು ಬೇಕಾದ ಸ್ಮಾರ್ಟ್ ಟಿ.ವಿ. ಅಂತೂ ಪುಕ್ಕಟೆಯೇ ಅಲ್ಲ. ಆದರೂ ಅವನ ಮಾತಿಗೆ ಕಟ್ಟುಬಿದ್ದು ಅವನ ಹಳೆಯ ಸ್ಮಾರ್ಟ್ ಟಿ.ವಿ.ಯನ್ನೇ ತರಿಸಿ ಒಂದು ತಿಂಗಳು ಇಟ್ಟುಕೊಂಡೆ.

ಆ ಒಂದು ತಿಂಗಳ ಬಗ್ಗೆ ತಮಾಷೆಯಾಗಿ ಬರೆಯಬೇಕೆಂದು ಎರಡು ಸಲ ಕುಳಿತೆ, ಆಗಲಿಲ್ಲ. ಅಮ್ಮನಿಗೆ ಮೊದಲು ಒಂದು ಗುಂಡಿ ಒತ್ತುವುದು ಗೊತ್ತಿತ್ತು, ಒತ್ತಿದರೆ ಚಂದನ ಬರುತ್ತಿತ್ತು. ಈಗ ಒತ್ತಿದರೆ ಮೊದಲು ಒಂದು ಕಂಪನಿಯ ಲಾಂಛನ, ಆಮೇಲೆ ಅವರು ಎಂದೂ ನೋಡದ ಹತ್ತು ಧಾರಾವಾಹಿಗಳ ಚಿತ್ರ, ಆಮೇಲೆ ಅಪ್‌ಡೇಟ್ ಮಾಡುವಿರಾ ಎಂಬ ಇಂಗ್ಲಿಷ್ ಪ್ರಶ್ನೆ. ಒಂದು ಸಂಜೆ ಅದು ತಾನಾಗಿ ಲಾಗೌಟ್ ಆಗಿ ಓಟಿಪಿ ಕೇಳಿತು. ಓಟಿಪಿ ನನ್ನ ಮೊಬೈಲಿಗೆ ಬಂತು. ನಾನು ಕುರ್ಲಾದ ಬಳಿ ನಿಂತುಬಿಟ್ಟ ಲೋಕಲ್ಲಿನಲ್ಲಿ, ಕೈಯನ್ನು ಜೇಬಿಗೆ ಇಳಿಸಲಾಗದ ಗರ್ದಿಯಲ್ಲಿದ್ದೆ. ಮನೆಗೆ ಬಂದಾಗ ಅಮ್ಮ ಆರು ಖಾಲಿ ಚೌಕಗಳಿದ್ದ ಪರದೆಯ ಎದುರು, ಕೈಯಲ್ಲಿ ರಿಮೋಟ್ ಹಿಡಿದು, ದೀಪವನ್ನೂ ಹಾಕದೆ ಕುಳಿತಿದ್ದರು. “ನಾನೇನೋ ಹಾಳು ಮಾಡಿದೆನೇನೋ” ಎಂದರು. ಐವತ್ತು ವರ್ಷ ಈ ಊರಿನಲ್ಲಿ ಸಂಸಾರ ನಡೆಸಿದ ಹೆಂಗಸು ಒಂದು ವಾರ್ತೆ ನೋಡುವುದಕ್ಕೆ ತಪ್ಪಿತಸ್ಥಳ ಹಾಗೆ ಕುಳಿತುಕೊಳ್ಳಬೇಕಾದ ವ್ಯವಸ್ಥೆಯನ್ನು ಯಾರೋ ಸಂಬಳ ತೆಗೆದುಕೊಂಡು ರೂಪಿಸಿದ್ದಾರೆ, ಇನ್ನಾರೋ ಅದಕ್ಕೆ ಸೌಲಭ್ಯ ಎಂದು ಹೆಸರಿಟ್ಟಿದ್ದಾರೆ. ನನಗೆ ಸಾಕಾಗಿದೆ. ಟಿ.ವಿ.ಯನ್ನು ಪುಣೆಗೆ ವಾಪಸು ಕಳುಹಿಸಿದೆ.

ಆದ್ದರಿಂದ ಅನುಮತಿಗೆ ಅರ್ಜಿ. ಕಾರ್ಯದರ್ಶಿಗಳು ಒಳ್ಳೆಯವರು, ಚಹಾ ಕೊಟ್ಟರು, “ತುಮ್ಹೀ ಸಮಜೂನ್ ಘ್ಯಾ”, ನೀವೇ ಅರ್ಥ ಮಾಡಿಕೊಳ್ಳಿ, ಎಂದು ಮೂರು ಸಲ ಹೇಳಿದರು. ತಮ್ಮ ಅಡುಗೆಮನೆಯ ಗ್ರಿಲ್ಲಿನ ಮಾತು ಬಿಟ್ಟು, ಗಚ್ಚಿಯ ಮೇಲೆ ನೀರಿನ ಟಾಕಿಯ ಪಕ್ಕದಲ್ಲಿ ಕೂರಿಸಲು ಅವರ ಆಕ್ಷೇಪವಿಲ್ಲ. ಅರ್ಜಿ ಮರಾಠಿಯಲ್ಲಿ ಎರಡು ಪ್ರತಿ, ಸೋರಿಕೆಯಾದರೆ ಜವಾಬ್ದಾರಿ ನನ್ನದೆಂಬ ಮುಚ್ಚಳಿಕೆ, ಐದು ಸಾವಿರ ರೂಪಾಯಿ ಠೇವಣಿ. ಗಚ್ಚಿ ಈಗಲೇ ಸೋರುತ್ತಿದೆಯಲ್ಲ ಎಂದೆ. ಅದು ಸೊಸೈಟಿಯ ಸೋರಿಕೆ, ಬೇರೆ, ಎಂದರು. ಕೊನೆಗೆ ಇನ್ನೊಂದು ಕಾಗದ: ಒಂದೇ ಮನೆಗೆ ಎರಡು ತಂತಿ ಬರಕೂಡದಾದ್ದರಿಂದ, ಈ ಗ್ರಾಹಕರ ಬಾಕಿ ಏನೂ ಇಲ್ಲವೆಂದು ಕೇಬಲ್‌ನವನ ಪತ್ರ.

ಪತ್ರಕ್ಕಾಗಿ ಕೇಬಲ್‌ನವನ ಗಾಳಾಕ್ಕೆ, ಅಂದರೆ ಮಳಿಗೆಗೆ, ಹೋದೆ. ಹುಡುಗ ಕಂಪ್ಯೂಟರಿನಲ್ಲಿ ನೋಡಿ, ನಿಮ್ಮ ಬಾಕ್ಸ್ ಬಂದ್ ಆಗಿದೆ, ಬಂದ್ ಆದ ಬಾಕ್ಸಿಗೆ ಸಿಸ್ಟಮ್ ಪತ್ರ ಕೊಡುವುದಿಲ್ಲ ಕಾಕಾ, ಎಂದ. ಚಾಲೂ ಇದ್ದರೆ ಮಾತ್ರ ಬಾಕಿಯಿಲ್ಲವೆಂದು ಬರುತ್ತದೆಯಂತೆ. ಎಷ್ಟಾಗುತ್ತದೆ ಎಂದು ಕೇಳಿದೆ. 153 ರೂಪಾಯಿ 40 ಪೈಸೆ ಎಂದ. ನಲವತ್ತು ಪೈಸೆ ಚಿಲ್ಲರೆ ಇಲ್ಲದ್ದರಿಂದ 155 ತೆಗೆದುಕೊಂಡ. ಪತ್ರ ಕೈಗೆ ಬಂತು. ಸಂಜೆ ಅಮ್ಮ ಚಂದನ ನೋಡಿದರು. ವಾರ್ಷಿಕ ಸಭೆ ಸೆಪ್ಟೆಂಬರಿನಲ್ಲಿದೆ, ಅರ್ಜಿ ಆಗ ಬರುತ್ತದೆಯಂತೆ. ಪತ್ರಕ್ಕೆ ಒಂದು ತಿಂಗಳ ಆಯುಸ್ಸು.